ಮೊದಲು ಹೂವನ್ನು ಬಿಡಿಸಿ, ಆಮೇಲೆ ಚಿತ್ರ ಬಿಡಿಸಿ

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ ನಾನು. ಚಿಕ್ಕಂದಿನಿಂದ ರಂಗೋಲಿ ಹಾಕಿ ಕೈ ಪಳಗಿದೆ, ಹೂವು ಎಲೆ ಬಿಡಿಸುವುದು ಕಷ್ಟವೆನಿಸುವುದಿಲ್ಲ. ಹಿತ್ತಿಲ ಗಿಡಗಳದ್ದೊಂದು ಚಿತ್ರಸಂಪುಟ ಮಾಡೋಣವೆಂದು ಕೆಂಪು ದಾಸವಾಳದಿಂದ ಶುರು ಮಾಡಿದೆ. ಸಸ್ಯಶಾಸ್ತ್ರ ಓದಿದ ಪರಿಚಿತರೊಬ್ಬರು ನೋಡಿ, “ಚೆಂದ ಇದೆ, ಆದರೆ ದಾಸವಾಳ ಅಂತ ಬಣ್ಣ ನೋಡಿ ಊಹಿಸಬೇಕು” ಎಂದರು. ಆ ಚಿತ್ರವನ್ನು ಜೊತೆಗೆ ಕಳಿಸಿದ್ದೇನೆ. ಎಲ್ಲಿ ತಪ್ಪುತ್ತಿದೆ? ಏನೇನು ಸಾಮಾನು ಬೇಕು? ಮೊಬೈಲಿನಲ್ಲಿ ಫೋಟೊ ತೆಗೆದು ಅದನ್ನು ನೋಡಿ ಬರೆದರೆ ಆದೀತೆ? ಮಕ್ಕಳಿಂದ ಮಾಡಿಸುವುದು ಹೇಗೆ?

ಉತ್ತರ: ನಿಮ್ಮ ಕೈ ಚೆನ್ನಾಗಿದೆ. ಗೆರೆ ಎಲ್ಲೂ ನಡುಗಿಲ್ಲ, ಹಾಳೆಯಲ್ಲಿ ಹೂವು ಕೂತ ಜಾಗವೂ ಸರಿಯಾಗಿದೆ. ತಪ್ಪಿರುವುದು ಪೆನ್ಸಿಲ್ ಹಿಡಿಯುವ ಮೊದಲೇ. ನಿಮ್ಮ ಚಿತ್ರದಲ್ಲಿ ಐದು ದಳಗಳೂ ಒಂದೇ ಅಚ್ಚಿನವು, ಒಂದನ್ನೊಂದು ತಾಗದೆ ನಕ್ಷತ್ರದಂತೆ ಹರಡಿವೆ. ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಕೂತಿವೆ. ನಡುವಿನ ಕೋಲು ಹೂವಿಗೆ ಕಡ್ಡಿ ಚುಚ್ಚಿದ ಹಾಗೆ ನಿಂತಿದೆ, ತುದಿಯಲ್ಲಿ ಹಳದಿ ಚುಕ್ಕೆಗಳ ಗೊಂಚಲಿದೆ. ಮೂರೂ ರಂಗೋಲಿಯಿಂದ ಬಂದವು. ರಂಗೋಲಿಯ ಕೈ ಒಂದು ಎಸಳು ಹಾಕಿ ಅದನ್ನೇ ಸುತ್ತ ತಿರುಗಿಸುತ್ತದೆ. ಅಲ್ಲಿ ಅದೇ ಸೊಗಸು. ದಾಸವಾಳದ ಗಿಡ ಹಾಗೆ ಕಟ್ಟಿಕೊಂಡಿಲ್ಲ.

ನಾವು ಹೂ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಚಿತ್ರವನ್ನೂ ಬಿಡಿಸುತ್ತೇವೆ. ಸಸ್ಯಚಿತ್ರಕ್ಕೆ ಈ ನಾಲ್ಕೂ ಬೇಕು, ಚಿತ್ರದ ಸರದಿ ಕೊನೆಗೆ. ಮೊದಲ ದಿನ ನಾಲ್ಕೈದು ಹೂವು ತಂದು, ಒಂದು ಗೆರೆಯನ್ನೂ ಎಳೆಯದೆ ಅವುಗಳನ್ನು ಬಿಡಿಬಿಡಿಯಾಗಿ ಕಳಚಿ ನೋಡಿ. ಐದು ದಳದ ಒಂಟಿ ಸುತ್ತಿನ ಹೂವೇ ಆಗಲಿ. ಎಸಳು ಕಿಕ್ಕಿರಿದ ಮುದ್ದೆ ದಾಸವಾಳದಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ. ಮೂಲರೂಪ ಗೊತ್ತಿಲ್ಲದೆ ಅದಕ್ಕೆ ಕೈ ಹಾಕಿದರೆ ಗೊಂದಲವೇ.

ಹೂವನ್ನು ತಲೆಕೆಳಗು ಮಾಡಿ ಹಿಂಬದಿಯಿಂದ ಶುರು ಮಾಡಿ. ಹೆಚ್ಚಿನವರು ಈ ಕಡೆ ನೋಡುವುದೇ ಇಲ್ಲ, ಆದರೆ ಗುರುತು ಹಿಡಿಯುವವರು ಮೊದಲು ನೋಡುವುದು ಇಲ್ಲೇ. ಹೂತೊಟ್ಟಿನ ಮೇಲ್ಭಾಗದಲ್ಲಿ ಒಂದು ಸಣ್ಣ ಗೆಣ್ಣು ಕೈಗೆ ತಗಲುತ್ತದೆ. ಅದರ ಮೇಲೆ ಕಿರಿದಾದ ಹಸಿರು ಪಟ್ಟಿಗಳ ಒಂದು ಸುತ್ತು, ಸಾಮಾನ್ಯವಾಗಿ 5ರಿಂದ 8. ಅದರೊಳಗೆ ಐದು ಹಲ್ಲುಗಳ ಬಟ್ಟಲಿನಂಥ ಪುಷ್ಪಪತ್ರಗಳು, ಬುಡದಲ್ಲಿ ಕೂಡಿಕೊಂಡಿರುತ್ತವೆ. ಹೊರಗಿನ ಆ ಪಟ್ಟಿಗಳನ್ನು ಎಣಿಸಿ ಬರೆದಿಡಿ. ಹತ್ತಿಯೂ ಬೆಂಡೆಯೂ ದಾಸವಾಳದ ಕುಟುಂಬದವೇ. ಹತ್ತಿ ಹೂವಿಗೆ ಇದೇ ಜಾಗದಲ್ಲಿ ಅಗಲವಾದ, ಅಂಚು ಸೀಳಿದ ಮೂರೇ ಎಲೆಯಂಥವು ಇರುತ್ತವೆ. ಬೆಂಡೆಯಲ್ಲಿ ಪಟ್ಟಿಗಳು ಕಿರಿದಾಗಿ ಹೆಚ್ಚು ಇರುತ್ತವೆ, ಬೇಗ ಉದುರುತ್ತವೆ. ಬೆಂಡೆಯ ಪುಷ್ಪಪತ್ರದ ಚೀಲ ಒಂದೇ ಬದಿಗೆ ಸೀಳಿಕೊಳ್ಳುತ್ತದೆ. ಬಣ್ಣವಿಲ್ಲದ ಚಿತ್ರದಲ್ಲೂ ಈ ಸುತ್ತು ಸರಿಯಿದ್ದರೆ ಹೂವು ತನ್ನ ಹೆಸರು ತಾನೇ ಹೇಳುತ್ತದೆ. ನಿಮ್ಮ ಚಿತ್ರದಲ್ಲಿ ಈ ಪಟ್ಟಿಗಳೇ ಇಲ್ಲ. ನಿಮ್ಮ ಪರಿಚಿತರಿಗೆ ಅನುಮಾನ ಬಂದದ್ದು ಬಹುಶಃ ಇದರಿಂದ.

ಇನ್ನು ದಳಗಳು. ಪ್ರತಿ ದಳದ ಒಂದು ಅಂಚು ಪಕ್ಕದ ದಳದ ಮೇಲೆ, ಇನ್ನೊಂದು ಅಂಚು ಆಚೆಯ ದಳದ ಕೆಳಗೆ. ಮೊಗ್ಗಿನಲ್ಲಿ ಛತ್ರಿಯ ಬಟ್ಟೆಯಂತೆ ಸುತ್ತಿಕೊಂಡಿದ್ದುದರ ಗುರುತು ಇದು. ಹೀಗಾಗಿ ಯಾವ ದಳವೂ ಎಡಬಲ ಸಮನಾಗಿರುವುದಿಲ್ಲ, ಒಂದು ಬದಿ ಉಬ್ಬಿ ಇನ್ನೊಂದು ಬದಿ ನೇರವಾಗಿರುತ್ತದೆ. ಸುತ್ತು ಎಡಕ್ಕೋ ಬಲಕ್ಕೋ? ಒಂದೇ ಗಿಡದಲ್ಲಿ ಎರಡೂ ಬಗೆ ಸಿಗುತ್ತವೆ. ಹತ್ತು ಹೂವು ನೋಡಿದರೆ ನಿಮಗೇ ಕಾಣುತ್ತದೆ. ಯಾವ ಕಡೆಯಾದರೂ ಆಗಲಿ, ಒಂದು ಹೂವಿನಲ್ಲಿ ಐದೂ ದಳ ಒಂದೇ ಕಡೆಗೆ ಸುತ್ತಿರಬೇಕು. ಚಿತ್ರ ಮುಗಿಸಿದ ಮೇಲೆ ಬೆರಳಿಟ್ಟು ಸುತ್ತಿಬಂದು ಪರೀಕ್ಷಿಸಿ: ಮೇಲೆ, ಕೆಳಗೆ, ಮೇಲೆ, ಕೆಳಗೆ. ಎಲ್ಲಾದರೂ ಒಂದು ದಳದ ಎರಡೂ ಅಂಚು ಮೇಲೇ ಬಂದಿದ್ದರೆ ಅದು ನೋಡಿದ ಹೂವಲ್ಲ, ನೆನಪಿನ ಹೂವು.

ಬೆಳಿಗ್ಗೆ ಗಿಡದಡಿ ಉದುರಿ ಬಿದ್ದ ಹಿಂದಿನ ದಿನದ ಹೂವೊಂದನ್ನು ಎತ್ತಿಕೊಳ್ಳಿ. ದಳಗಳೂ ನಡುವಿನ ಕೋಲೂ ಒಂದೇ ತುಂಡಾಗಿ ಬಿದ್ದಿರುತ್ತವೆ, ಹಸಿರು ಬಟ್ಟಲು ಗಿಡದಲ್ಲೇ ಉಳಿದಿರುತ್ತದೆ. ದಳಗಳ ಬುಡ ಕೇಸರದ ಕೊಳವೆಯ ಬುಡಕ್ಕೆ ಅಂಟಿಕೊಂಡಿರುವುದೇ ಕಾರಣ. ನಾವು ಕೋಲು ಎನ್ನುವುದು ಕೋಲಲ್ಲ, ಕೊಳವೆ. ಕೇಸರಗಳ ಎಳೆಗಳೆಲ್ಲ ಒಂದಾಗಿ ಸೇರಿ ಅದಾಗಿದೆ. ಅದರ ಮೇಲರ್ಧದಲ್ಲಿ ಗಿಡ್ಡ ಕಡ್ಡಿಗಳ ತುದಿಗೆ ಮೂತ್ರಪಿಂಡದ ಆಕಾರದ ಪರಾಗಕೋಶಗಳು ಸುತ್ತಲೂ ಹೊರಚಾಚಿರುತ್ತವೆ. ಕೊಳವೆಯೊಳಗೆ ಅಂಡಾಶಯದಿಂದ ಹೊರಟ ಶಲಾಕಾ ನಳಿಕೆ ಹಾದು, ತುದಿಯಲ್ಲಿ ಹೊರಬಂದು ಐದು ಕವಲಾಗುತ್ತದೆ. ಪ್ರತಿ ಕವಲಿನ ತುದಿಗೂ ಪರಾಗ ಹಿಡಿಯುವ, ಮಖಮಲ್ಲಿನಂಥ ಒಂದು ಗುಂಡು ಶಲಾಕಾಗ್ರ. ಹಾಗಾಗಿ ಹಳದಿ ಚುಕ್ಕೆಗಳ ಗೊಂಚಲು ತುದಿಯಲ್ಲಲ್ಲ. ತುದಿಯಲ್ಲಿ ಐದು ಗುಂಡು, ಪರಾಗಕೋಶಗಳು ಅದಕ್ಕಿಂತ ಕೆಳಗೆ. ಇಡೀ ಹೂವಿನಲ್ಲಿ ಅತಿ ಹೆಚ್ಚು ಜನ ತಪ್ಪುವ ಜಾಗ ಇದು.

ಉದ್ದ ಸೀಳಿ ನೋಡಲು ಹೊಸ ಶೇವಿಂಗ್ ಬ್ಲೇಡು ಬೇಕು. ಕಾಗದದ ಹೊದಿಕೆಯಲ್ಲೇ ಉದ್ದಕ್ಕೆ ಮುರಿದರೆ ಎರಡು ಅರ್ಧ ಸಿಗುತ್ತವೆ, ಕೈಗೂ ಅಪಾಯ ಕಡಿಮೆ. ಮೊದಲು ಮೂರು ದಳ ಕಿತ್ತು, ಎರಡನ್ನು ಉಳಿಸಿ. ಐದೂ ಇದ್ದರೆ ಅವು ಬ್ಲೇಡಿಗೆ ಸಿಕ್ಕಿ ಹರಿಯುತ್ತವೆ. ಹೂತೊಟ್ಟಿನ ಕಡೆಯಿಂದ ಬ್ಲೇಡಿಟ್ಟು, ಅಂಡಾಶಯದ ನಡುವೆ ಹಾಯಿಸಿ, ಕೊಳವೆಯ ಉದ್ದಕ್ಕೂ ಒಂದೇ ಎಳೆತದಲ್ಲಿ ಮೇಲಕ್ಕೆ ಬನ್ನಿ. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಒಳಗಿನ ನಳಿಕೆ ಜಜ್ಜಿಹೋಗುತ್ತದೆ. ದಾಸವಾಳದ ಲೋಳೆಯಿಂದ ಬ್ಲೇಡು ಜಾರುತ್ತದೆ, ಪ್ರತಿ ಸೀಳಿಗೂ ಒದ್ದೆ ಹತ್ತಿಯಲ್ಲಿ ಒರೆಸಿ. ಅಂಡಾಶಯವನ್ನು ಇನ್ನೊಂದು ಹೂವಿನಲ್ಲಿ ಅಡ್ಡ ಕೊಯ್ದರೆ ಐದು ಕೋಣೆ ಕಾಣುತ್ತವೆ. ಇದಕ್ಕೆ 10 ಪಟ್ಟು ಹಿಗ್ಗಿಸುವ ಕೈಮಸೂರ ಸಾಕು. ಮಸೂರವನ್ನು ಹೂವಿನ ಹತ್ತಿರವಲ್ಲ, ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಹೂವನ್ನು ಅದರ ಕಡೆಗೆ ತನ್ನಿ. ಸುಮಾರು 2.5 ಸೆಂ.ಮೀ. ದೂರದಲ್ಲಿ ಸ್ಪಷ್ಟವಾಗುತ್ತದೆ. ಕಳಚಿದ ದಳಗಳನ್ನು ಚಿತ್ರದ ಹಾಳೆಯ ಮೇಲೆ ಇಡಬೇಡಿ. ಹಿಸುಕಿದ ಕೆಂಪು ದಳ ನೇರಳೆ ಕಲೆ ಬಿಡುತ್ತದೆ, ಅದು ಹೋಗುವುದಿಲ್ಲ.

ಗೊತ್ತಿಲ್ಲದ ಭಾಗವನ್ನು ಬರೆಯಬೇಡಿ. ತೋಟದ ಕೆಂಪು ದಾಸವಾಳ ಕಾಯಿ ಕಟ್ಟುವುದು ಅಪರೂಪ. ಆದರೂ ಚಿತ್ರ ಪೂರ್ತಿಯಾಗಲೆಂದು ಬೆಂಡೆಕಾಯಿಯ ಹೋಲಿಕೆಯಲ್ಲಿ ಒಂದು ಕಾಯಿಯನ್ನು ಸೇರಿಸಿಬಿಡುವವರಿದ್ದಾರೆ. ನಿಮ್ಮ ಗಿಡದಲ್ಲಿ ಕಾಯಿ ಕಂಡಿಲ್ಲವಾದರೆ ಚಿತ್ರದಲ್ಲೂ ಕಾಯಿ ಇರಬಾರದು.

ಸಾಮಾನು ಹೆಚ್ಚು ಬೇಡ. 2ಎಚ್ ಮತ್ತು ಎಚ್‌ಬಿ ಪೆನ್ಸಿಲ್ ಒಂದೊಂದು, ಮೆದು ರಬ್ಬರು, 15 ಸೆಂ.ಮೀ. ಸ್ಕೇಲು, ಕಂಪಾಸ್ ಬಾಕ್ಸಿನಲ್ಲಿ ಎರಡೂ ಕಾಲಿಗೆ ಮುಳ್ಳಿರುವ ಡಿವೈಡರ್, ಮಸೂರ, ಬ್ಲೇಡು, ಟ್ರೇಸಿಂಗ್ ಪೇಪರ್. ಇವುಗಳಲ್ಲಿ ಡಿವೈಡರ್ ಅತಿ ಮುಖ್ಯ, ಮಕ್ಕಳ ಪೆಟ್ಟಿಗೆಯಲ್ಲಿ ಅದು ಮುಟ್ಟದೆ ಬಿದ್ದಿರುತ್ತದೆ. ಹಾಳೆಯ ವಿಚಾರದಲ್ಲಿ ಮಾತ್ರ ಎಚ್ಚರವಿರಲಿ. ಪೆನ್ಸಿಲ್ ಕೆಲಸಕ್ಕೆ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಡ್ರಾಯಿಂಗ್ ಹಾಳೆ ಸಾಕು. ಐವರಿ ಶೀಟು ನುಣುಪಾಗಿದ್ದು ಇಂಕು ಪೆನ್ನಿಗೆ ಚೆನ್ನ, ಆದರೆ ನೀರುಬಣ್ಣ ಅದರ ಮೇಲೆ ನಿಂತು ಕಲೆಯಾಗುತ್ತದೆ. ಜಲವರ್ಣಕ್ಕೆ 300 ಜಿಎಸ್‌ಎಂನ ನುಣುಪು ಮೈಯ ಹಾಳೆಯನ್ನೇ ಕೇಳಿ ಪಡೆಯಿರಿ. ಅಂಗಡಿಯಲ್ಲಿ ಹಾಟ್ ಪ್ರೆಸ್ ಎನ್ನುತ್ತಾರೆ. ಉರುಟು ಮೈಯ ಹ್ಯಾಂಡ್‌ಮೇಡ್ ಹಾಳೆ ಭೂದೃಶ್ಯಕ್ಕೆ ಸೊಗಸು, ಎಲೆಯ ಅಂಚಿನ ಹಲ್ಲುಗಳಿಗೆ ಶತ್ರು. ನಿಮ್ಮ ಕಡೆ ಮಳೆಗಾಲದಲ್ಲಿ ಹಾಳೆ ತೇವ ಹೀರಿ ಮೆತ್ತಗಾಗುತ್ತದೆ, ಗೆರೆ ಹರಡುತ್ತದೆ. ಜೂನ್ ಬರುವ ಮೊದಲೇ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಿಗಿಯಾದ ಡಬ್ಬದಲ್ಲಿಡಿ.

ಅಳತೆಗೆ ಬರೋಣ. ಇಲ್ಲೊಂದು ಸೂಕ್ಷ್ಮವಿದೆ, ಹೇಳಿಕೊಡುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅಳತೆಯಲ್ಲಿ ಎರಡು ಬಗೆ. ಒಂದು, ಭಾಗದ ನಿಜವಾದ ಉದ್ದ: ಎಲೆಯನ್ನು ಸ್ಕೇಲಿಗೆ ಹಿಡಿದರೆ ಸಿಗುವುದು. ಇನ್ನೊಂದು, ನಿಮ್ಮ ಕಣ್ಣಿಗೆ ಕಾಣುವ ಉದ್ದ: ಅದೇ ಎಲೆ ನಿಮ್ಮ ಕಡೆಗೆ ಬಾಗಿದ್ದರೆ 8 ಸೆಂ.ಮೀ. ಎಲೆ 4 ಸೆಂ.ಮೀ. ಆಗಿ ಕಾಣುತ್ತದೆ. ಚಿತ್ರಕ್ಕೆ ಎರಡನೆಯದು ಬೇಕು, ಪಕ್ಕದ ಟಿಪ್ಪಣಿಗೆ ಮೊದಲನೆಯದು. ಎರಡನ್ನೂ ಬೆರೆಸಿದರೆ ಬಾಗಿದ ಎಲೆಯೂ ಪೂರ್ತಿ 8 ಸೆಂ.ಮೀ. ಆಗಿಬಿಡುತ್ತದೆ, ಇಸ್ತ್ರಿ ಮಾಡಿ ಅಂಟಿಸಿದ ಹಾಗೆ ಕಾಣುತ್ತದೆ. ಕಾಣುವ ಉದ್ದ ತೆಗೆಯಲು ಒಂದು ಕಣ್ಣು ಮುಚ್ಚಿ, ಡಿವೈಡರನ್ನು ಗಿಡದ ಪಕ್ಕದಲ್ಲೇ ನಿಮ್ಮ ಮುಖಕ್ಕೆ ಎದುರಾಗಿ ನೇರ ಹಿಡಿಯಿರಿ. ಬಾಗಿದ ಎಲೆಯ ಜೊತೆ ಡಿವೈಡರೂ ಬಾಗಬಾರದು. ಎರಡು ಮುಳ್ಳಿನ ನಡುವೆ ಸಿಕ್ಕ ದೂರವನ್ನು ಹಾಗೇ ಹಾಳೆಗೆ ಇಳಿಸಿದರೆ ಚಿತ್ರ ಗಿಡದಷ್ಟೇ ದೊಡ್ಡದಾಗಿ ಬರುತ್ತದೆ. ಸಸ್ಯಚಿತ್ರದಲ್ಲಿ ಇಡೀ ರೆಂಬೆಯನ್ನು ಸಾಮಾನ್ಯವಾಗಿ ಈ ನಿಜಗಾತ್ರದಲ್ಲೇ ಬರೆಯುತ್ತಾರೆ. ಸೀಳಿದ ಭಾಗಗಳನ್ನು ಮಾತ್ರ ಎರಡು ಪಟ್ಟೋ ಐದು ಪಟ್ಟೋ ಹಿಗ್ಗಿಸುತ್ತಾರೆ.

ರೆಂಬೆಯನ್ನು ನಿಲ್ಲಿಸುವುದಕ್ಕೆ ಬಾಟಲಿಯಲ್ಲಿ ಒದ್ದೆ ಮರಳು ತುಂಬಿ ಸಿಕ್ಕಿಸಿ. ಬರೀ ನೀರಿನ ಲೋಟದಲ್ಲಿಟ್ಟರೆ ನಿಧಾನಕ್ಕೆ ತಿರುಗುತ್ತದೆ, ಅರ್ಧ ಗಂಟೆಯ ಗೆರೆಯೆಲ್ಲ ಹಾಳು. ಹಿಂದೆ ಬಿಳಿ ಹಾಳೆ ನಿಲ್ಲಿಸಿ. ಬಲಗೈಯವರಾದರೆ ಕಿಟಕಿ ಎಡಕ್ಕಿರಲಿ. ಬೆಳಕು ಎಡಮೇಲಿನಿಂದ ಬೀಳುವುದು ಸಸ್ಯಚಿತ್ರದ ರೂಢಿ, ಕೈಯ ನೆರಳೂ ಗೆರೆಯ ಮೇಲೆ ಬೀಳುವುದಿಲ್ಲ. ನೀವು ಕೂರುವ ಜಾಗಕ್ಕೆ ನೆಲದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ, ಕಾಫಿಗೆ ಎದ್ದು ಬಂದ ಮೇಲೂ ಕಣ್ಣು ಅದೇ ಎತ್ತರದಲ್ಲಿರಬೇಕು.

ದಾಸವಾಳಕ್ಕೆ ಆಯುಸ್ಸು ಒಂದೇ ದಿನ. ಒಂದು ಅನುಕೂಲವೂ ಉಂಟು: ಕಿತ್ತ ಹೂವನ್ನು ನೀರಿಲ್ಲದೆ ಇಟ್ಟರೂ ಸಂಜೆಯವರೆಗೆ ಅರಳಿಯೇ ಇರುತ್ತದೆ. ಬೆಳಿಗ್ಗೆ ಪೂರ್ತಿ ಅರಳಿದ ಮೇಲೆ ತನ್ನಿ. ಮೊದಲ ಅರ್ಧ ಗಂಟೆ ಎಣಿಕೆ, ಅಳತೆ. ಆಮೇಲೆ ಹೂವಿನ ಗೆರೆ. ಗೆರೆ ಮುಗಿದ ಕೂಡಲೇ ಬಣ್ಣದ ಮಾದರಿಗಳನ್ನು ಹಾಳೆಯ ಅಂಚಿನಲ್ಲಿ ಹಚ್ಚಿಟ್ಟುಕೊಳ್ಳಿ, ಮಧ್ಯಾಹ್ನದ ಹೊತ್ತಿಗೆ ಕೆಂಪು ಬದಲಾಗಿರುತ್ತದೆ. ಮೊಗ್ಗು ಎರಡನೆಯದು, ಏಕೆಂದರೆ ಕಿತ್ತ ರೆಂಬೆಯಲ್ಲೂ ಅದು ಹಿಗ್ಗುತ್ತಲೇ ಇರುತ್ತದೆ. ಎಲೆ ಮಾರನೆಯ ದಿನಕ್ಕೆ ಕಾಯಬಲ್ಲದು. ಹೂವು ಬಾಡಿತೆಂದು ಮರುದಿನ ಇನ್ನೊಂದು ತರುವುದಾದರೆ ಅದೇ ಗಿಡದ್ದೇ ತನ್ನಿ. ಪಕ್ಕದ ಮನೆಯ ಗಿಡ ಬೇರೆ ತಳಿಯದಾಗಿದ್ದರೆ ಒಂದೇ ಚಿತ್ರದಲ್ಲಿ ಎರಡು ಗಿಡ ಸೇರಿಕೊಳ್ಳುತ್ತವೆ.

ಎಲೆಗೆ ಹೆಚ್ಚು ಹೊತ್ತು ಕೊಡಿ. ಹೂವಿಗೆ ಎಲ್ಲರೂ ಕಷ್ಟಪಡುತ್ತಾರೆ, ಎಲೆಯನ್ನು ಕೈಗೆ ಬಂದಂತೆ ಹಾಕುತ್ತಾರೆ. ಚಿತ್ರದ ಬಲ ಇರುವುದು ಎಲೆಯಲ್ಲಿ. ದಾಸವಾಳದ ಎಲೆ ಒಂದು ಗೆಣ್ಣಿಗೆ ಒಂದೇ. ಮುಂದಿನದು ಅದರ ಎದುರಿಗಲ್ಲ, ಕಾಂಡವನ್ನು ಸುತ್ತಿಕೊಂಡು ಮೇಲೆ ಬೇರೆ ದಿಕ್ಕಿಗೆ. ಎಲೆತೊಟ್ಟಿನ ಬುಡದಲ್ಲಿ ಇಕ್ಕೆಲಕ್ಕೂ ಸೂಜಿಯಂಥ ಸಣ್ಣ ಕಾವಿನೆಲೆಗಳಿರುತ್ತವೆ. ಹಳೆಯ ಎಲೆಯಲ್ಲಿ ಉದುರಿರಬಹುದು, ತುದಿಯ ಎಳೆಯ ಎಲೆಯಲ್ಲಿ ಹುಡುಕಿ. ಹೂವು ಹೊರಡುವುದು ಎಲೆಯ ಕಂಕುಳಿನಿಂದ. ನಿಮ್ಮ ಚಿತ್ರದಲ್ಲಿ ಹೂತೊಟ್ಟು ಕಾಂಡದ ಬರಿಮೈಯಿಂದ ಹೊರಟಿದೆ.

ಒಂದು ಎಲೆ ಬರೆಯುವ ಕ್ರಮ ಇದು. ಮೊದಲು ನಡುನರ, ಒಂದೇ ಗೆರೆ, ತೊಟ್ಟಿನಿಂದ ತುದಿಯವರೆಗೆ. ಅದರ ಮೇಲೆ ಎಲೆ ಅತಿ ಅಗಲವಾಗಿರುವ ಜಾಗವನ್ನು ಗುರುತಿಸಿ. ದಾಸವಾಳದಲ್ಲಿ ಅದು ಎಲೆಯ ನಡುವಿಗಿಂತ ಕೆಳಗೆ, ಬುಡದ ಕಡೆಗೆ ಬರುತ್ತದೆ. ಅಲ್ಲಿ ಎಡಕ್ಕೂ ಬಲಕ್ಕೂ ಡಿವೈಡರಿನಿಂದ ಅಗಲ ಇಳಿಸಿ, ಎರಡೂ ಬದಿಯನ್ನು ಬೇರೆಬೇರೆಯಾಗಿಯೇ ಅಳೆಯಿರಿ, ಸಮನಾಗಿರುವುದು ಅಪರೂಪ. ಆಮೇಲೆ ಹೊರಗೆರೆಯನ್ನು ಹಲ್ಲಿಲ್ಲದೆ ತೆಳುವಾಗಿ ಎಳೆಯಿರಿ. ನರಗಳು ಮುಂದಿನವು. ಬುಡದಿಂದಲೇ ನಡುನರದ ಇಕ್ಕೆಲದಲ್ಲಿ ದಪ್ಪ ನರಗಳು ಹೊರಡುತ್ತವೆ, ಮೇಲಿನವು ನಡುನರದಿಂದ ಕವಲೊಡೆಯುತ್ತವೆ. ಎಷ್ಟಿವೆ ಎಂದು ಎಣಿಸಿ, ಅಷ್ಟೇ ಹಾಕಿ. ಹಲ್ಲು ಕೊನೆಗೆ. ಬುಡದ ಹತ್ತಿರದ ಅಂಚು ನುಣುಪು, ಹಲ್ಲು ಶುರುವಾಗುವುದು ಅದರಿಂದ ಮೇಲೆ. ಎಲ್ಲ ಹಲ್ಲೂ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಹೊರಗೆರೆಯ ಮೇಲೆ ಅಂಕುಡೊಂಕು ಗೀಚಿದರೆ ಎಲೆ ಗರಗಸವಾಗುತ್ತದೆ. ಪ್ರತಿ ಹಲ್ಲಿನ ಉದ್ದ ಬದಿ ಮತ್ತು ಗಿಡ್ಡ ಬದಿ ನೋಡಿ ಒಂದೊಂದನ್ನೇ ಹಾಕಿ.

ಮಡಚಿದ ಎಲೆ ಎಲ್ಲರನ್ನೂ ಹೆದರಿಸುತ್ತದೆ. ಅಲ್ಲಿ ಕೈ ಹಿಡಿಯುವುದು ನಡುನರವೇ. ಎಲೆ ಮಗುಚಿಕೊಂಡ ಜಾಗದಲ್ಲಿ ನಡುನರ ಮರೆಯಾಗಿ ಮತ್ತೆ ಕಾಣಿಸುತ್ತದೆ. ಮರೆಯಾದ ಭಾಗವನ್ನೂ 2ಎಚ್‌ನಲ್ಲಿ ತೆಳುವಾಗಿ ಎಳೆದು, ಎಲೆ ಗಾಜಿನದೆಂಬಂತೆ ಪೂರ್ತಿ ಕಟ್ಟಿಕೊಳ್ಳಿ, ಆಮೇಲೆ ಕಾಣದ್ದನ್ನು ಅಳಿಸಿ. ಕಾಣುವ ತುಂಡುಗಳನ್ನಷ್ಟೇ ಬರೆದರೆ ಮಡಿಕೆಯ ಎರಡು ಬದಿ ಎರಡು ಎಲೆಗಳಾಗಿ ಒಡೆದುಹೋಗುತ್ತವೆ.

ಪೆನ್ಸಿಲ್ ಚಿತ್ರ ಸರಿಯೆನಿಸಿದ ಮೇಲೆ ಟ್ರೇಸಿಂಗ್ ಪೇಪರಿನಲ್ಲಿ ತೆಗೆದು ಒಳ್ಳೆಯ ಹಾಳೆಗೆ ಇಳಿಸಿ. ಉಜ್ಜಿ ಉಜ್ಜಿ ಮೈ ಎದ್ದ ಹಾಳೆಯ ಮೇಲೆ ಇಂಕೂ ಬಣ್ಣವೂ ನಿಲ್ಲುವುದಿಲ್ಲ. ಇಂಕಿಗೆ ನೀರಿಗೆ ಕರಗದ ಪಿಗ್ಮೆಂಟ್ ಪೆನ್ನು, 0.1 ಮತ್ತು 0.3 ಮಿ.ಮೀ. ಹೊರಗೆರೆಗೆ 0.3, ನರ ಮತ್ತು ಚುಕ್ಕೆಗೆ 0.1. ಸಂಪುಟ ಅಚ್ಚು ಮಾಡಿಸುವ ಯೋಚನೆಯಿದ್ದರೆ ಚಿತ್ರ ಅರ್ಧಕ್ಕೆ ಇಳಿದಾಗ 0.1ರ ಗೆರೆ 0.05 ಆಗಿ ಮಾಯವಾಗುತ್ತದೆ ಎಂಬುದು ನೆನಪಿರಲಿ, ಅಂಥ ಚಿತ್ರಕ್ಕೆ ಒಂದು ಸುತ್ತು ದಪ್ಪ ಪೆನ್ನು ಹಿಡಿಯಿರಿ. ನೆರಳಿಗೆ ಚುಕ್ಕೆಗಳನ್ನೇ ಬಳಸಿ, ಗೀರು ಬೇಡ. ಸಸ್ಯಚಿತ್ರದಲ್ಲಿ ಪ್ರತಿ ಗುರುತಿಗೂ ಅರ್ಥವಿದೆ: ಕಾಂಡದ ಮೇಲೆ ನೆರಳಿಗೆಂದು ಎಳೆದ ಸಣ್ಣ ಗೀರನ್ನು ಓದುವವರು ರೋಮವೆಂದೇ ಓದುತ್ತಾರೆ, ರೋಮವಿಲ್ಲದ ಗಿಡ ರೋಮದ ಗಿಡವಾಗುತ್ತದೆ. ಚುಕ್ಕೆಯಿಡುವಾಗ ಪೆನ್ನನ್ನು ನೆಟ್ಟಗೆ ಹಿಡಿದು ಎತ್ತಿ ಎತ್ತಿ ಇಡಿ. ಅವಸರ ಮಾಡಿದರೆ ಚುಕ್ಕೆಗೆ ಬಾಲ ಬರುತ್ತದೆ. ಸಾಲಾಗಿ ಇಟ್ಟರೆ ದೂರದಿಂದ ಗೆರೆಯಾಗಿ ಕಾಣುತ್ತದೆ. ಚುಕ್ಕಿ ರಂಗೋಲಿಯ ಅಭ್ಯಾಸ ಇಲ್ಲಿ ಸ್ವಲ್ಪ ಕಾಡೀತು, ಬೇಕೆಂದೇ ಸಾಲು ತಪ್ಪಿಸಿ.

ಬಣ್ಣಕ್ಕೆ ಆರೇ ಟ್ಯೂಬು: ತಣ್ಣನೆಯ ಹಳದಿಗೆ ಲೆಮನ್ ಯೆಲ್ಲೊ, ಬೆಚ್ಚಗಿನದಕ್ಕೆ ಗ್ಯಾಂಬೋಜ್, ಕಿತ್ತಳೆ ಛಾಯೆಯ ಕೆಂಪಿಗೆ ಸ್ಕಾರ್ಲೆಟ್, ಗುಲಾಬಿ ಛಾಯೆಗೆ ಪರ್ಮನೆಂಟ್ ರೋಸ್, ಜೊತೆಗೆ ಅಲ್ಟ್ರಾಮರೀನ್ ಮತ್ತು ಪ್ರಷ್ಯನ್ ಬ್ಲೂ. ಹಸಿರು ಟ್ಯೂಬು ಕೊಳ್ಳಬೇಡಿ. ಅದನ್ನು ನೇರ ಹಚ್ಚಿದ ಎಲೆ ಪ್ಲಾಸ್ಟಿಕ್ ಎಲೆಯಂತಾಗುತ್ತದೆ. ದಾಸವಾಳದ ಎಲೆಗೆ ಗ್ಯಾಂಬೋಜ್ ಮತ್ತು ಅಲ್ಟ್ರಾಮರೀನ್ ಬೆರೆಸಿ, ಗಾಢತೆಗೆ ಕೆಂಪಿನ ಒಂದು ಹನಿ ಸೇರಿಸಿ. ಆದರೆ ಹಸಿರಿಗೂ ಮೊದಲು, ಎಲೆ ಹೊಳೆಯುವ ಜಾಗಕ್ಕೆ ತುಂಬ ನೀರಾದ ನೀಲಿ ಒಂದು ಪದರ ಹಚ್ಚಿ ಒಣಗಿಸಿ. ನಯವಾದ ಎಲೆಯ ಹೊಳಪು ಹಸಿರಲ್ಲ, ಅದರ ಮೈಯಲ್ಲಿ ಬಿದ್ದ ಆಕಾಶ. ಆ ಜಾಗ ಬಿಟ್ಟು ಸುತ್ತ ಹಸಿರು ಹಚ್ಚಿದರೆ ಎಲೆ ತಾನೇ ಹೊಳೆಯುತ್ತದೆ. ನರಗಳನ್ನು ಗಾಢ ಗೆರೆಯಾಗಿ ಎಳೆಯಬೇಡಿ. ಮೇಲ್ಮೈಯಲ್ಲಿ ಅವು ತಿಳಿಯಾಗಿ ಕಾಣುತ್ತವೆ, ನರವನ್ನು ಬಿಟ್ಟು ಅದರ ಆಚೀಚೆ ಬಣ್ಣ ತುಂಬಿ. ಹೂವಿಗೆ ಸ್ಕಾರ್ಲೆಟ್ ತಿಳಿಯಾಗಿ ಒಂದು ಪದರ, ಪೂರ್ತಿ ಒಣಗಿದ ಮೇಲೆ ರೋಸ್ ಬೆರೆಸಿದ ಎರಡನೆಯದು. ದಳದ ಮೇಲಿನ ಸಣ್ಣ ಸುಕ್ಕುಗಳನ್ನು ಸೊನ್ನೆ ನಂಬರಿನ ಕುಂಚದಲ್ಲಿ, ಹೆಚ್ಚು ಕಡಿಮೆ ಒಣಕುಂಚದಿಂದ, ಬುಡದಿಂದ ಹೊರಮುಖವಾಗಿ. ನೆರಳಿಗೆ ಕಪ್ಪು ಬೇಡವೇ ಬೇಡ. ಕೆಂಪಿಗೆ ನೀವು ಕಲಸಿದ ಹಸಿರನ್ನೇ ಸ್ವಲ್ಪ ಬೆರೆಸಿ, ಆಳವಾದ ಕೆಂಪು ಬರುತ್ತದೆ. ಅಗ್ಗದ ಸೆಟ್ಟಿನ ಕ್ರಿಮ್ಸನ್ ಲೇಕ್ ಬೆಳಕಿಗೆ ಮಾಸುತ್ತದೆ, ಗೋಡೆಗೆ ಹಾಕುವ ಚಿತ್ರಕ್ಕೆ ಅದನ್ನು ಬಳಸಬೇಡಿ.

ಫೋಟೊ ನೋಡಿ ಬರೆಯುವ ಬಗ್ಗೆ ಕೇಳಿದ್ದೀರಿ. ನೆನಪಿಗೆ ಫೋಟೊ ಇರಲಿ, ಗುರುವಾಗಿ ಬೇಡ. ಮೊಬೈಲನ್ನು ಹೂವಿನ ಹತ್ತಿರ ಒಯ್ದು ತೆಗೆದರೆ ಮುಂದೆ ಚಾಚಿದ ಕೇಸರದ ಕೊಳವೆ ದಪ್ಪಗಾಗಿ, ಹಿಂದಿನ ದಳಗಳು ಕುಗ್ಗಿ ಬರುತ್ತವೆ. ಒಂದು ಮೀಟರ್ ದೂರದಿಂದ ಎರಡು ಪಟ್ಟು ಜೂಮ್ ಮಾಡಿದರೆ ಈ ವಿಕಾರ ಕಡಿಮೆ. ಕೆಂಪು ಹೂವಿನಲ್ಲಿ ಇನ್ನೊಂದು ತೊಂದರೆ: ಬಿಸಿಲಿನಲ್ಲಿ ಕ್ಯಾಮೆರಾಕ್ಕೆ ಕೆಂಪು ತುಂಬಿ ಹರಿದು ದಳವೆಲ್ಲ ಒಂದೇ ಕೆಂಪು ತೇಪೆಯಾಗುತ್ತದೆ, ಸುಕ್ಕೂ ನರವೂ ಅಳಿಸಿಹೋಗುತ್ತವೆ. ನೆರಳಿನಲ್ಲಿ ತೆಗೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಮೊಗ್ಗು, ಅರಳಿದ ಹೂವು, ಸೀಳಿದ ಒಳಭಾಗ, ಎಲೆಯ ಬೆನ್ನು, ಇವೆಲ್ಲ ಒಂದೇ ಹಾಳೆಯಲ್ಲಿ ಒಟ್ಟಿಗೆ ಸಿಗುವುದು ಚಿತ್ರದಲ್ಲಿ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥದ ಚಿತ್ರಗಳನ್ನು ಆಧರಿಸಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ನಮ್ಮ ಕರಾವಳಿಯ ಹಲವು ಗಿಡಗಳಿಗೆ ಹೆಸರಿಟ್ಟ. ಅಂಥ ಕೆಲವು ಹೆಸರುಗಳಿಗೆ ಇವತ್ತಿಗೂ ಆ ಚಿತ್ರವೇ ಮೂಲ ಆಧಾರ. ಅಷ್ಟು ಹೊಣೆ ಹೊರಬಲ್ಲ ಚಿತ್ರದಲ್ಲಿ ಪಟ್ಟಿಗಳ ಎಣಿಕೆ ತಪ್ಪಿದರೆ ಏನಾದೀತು, ಯೋಚಿಸಿ.

ನಿಮ್ಮ ಜಿಲ್ಲೆಯದೇ ಒಂದು ಉದಾಹರಣೆಯಿದೆ. 1840ರ ದಶಕದ ನಡುವೆ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ ಒಬ್ಬ ಮರಾಠ ಚಿತ್ರಗಾರನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದಂತೆ ಚಿತ್ರ ಬರೆಸಿದ. ಆ ಚಿತ್ರಗಳು ಈಗ ಎಡಿನ್‌ಬರೊದ ಸಸ್ಯೋದ್ಯಾನದ ಸಂಗ್ರಹದಲ್ಲಿವೆ. ಬೆಂಗಳೂರಿನ ಲಾಲ್‌ಬಾಗಿಗಾಗಿ ಚೆಲುವಯ್ಯ ರಾಜು ಬರೆದ ಸಸ್ಯಚಿತ್ರಗಳೂ ಉಳಿದುಬಂದಿವೆ. ಬಿ.ಜಿ.ಎಲ್. ಸ್ವಾಮಿಯವರು ಗಿಡಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಗೆರೆಚಿತ್ರಗಳನ್ನೂ ತಾವೇ ಬರೆದರು. ಸಸ್ಯವನ್ನು ಬಲ್ಲವನ ಗೆರೆ ಹೇಗಿರುತ್ತದೆ ಎಂದು ನೋಡಲು ಕನ್ನಡ ಓದುಗರಿಗೆ ಅದಕ್ಕಿಂತ ಹತ್ತಿರದ ಮಾದರಿ ಇಲ್ಲ. ದಿನಕ್ಕೊಂದು ಗಿಡ ಎಂಬ ವೇಗ ಮಾತ್ರ ನಿಮಗೆ ಬೇಡ. ಕೆಲಸದ ನಡುವೆ ತಿಂಗಳಿಗೆ ಎರಡು ಹಾಳೆ ಮುಗಿದರೆ ಅದು ಒಳ್ಳೆಯ ನಡೆ.

ಹಾಳೆಯ ಕೆಳಗೆ ಬರೆಯಬೇಕಾದ್ದು: ಊರಿನವರು ಕರೆಯುವ ಹೆಸರು, ಶಾಸ್ತ್ರೀಯ ಹೆಸರು (ಇದಕ್ಕೆ ಹಿಬಿಸ್ಕಸ್ ರೋಸಾ-ಸೈನೆನ್ಸಿಸ್), ಊರು, ತಾರೀಕು, ಗಿಡದ ಎತ್ತರ, ಬೆಳೆದ ಜಾಗ. ‘ನಿಜಗಾತ್ರ’ ಎಂದು ಬರೆದು ಸುಮ್ಮನಾಗಬೇಡಿ. ಜೆರಾಕ್ಸಿನಲ್ಲೋ ಅಚ್ಚಿನಲ್ಲೋ ಚಿತ್ರ ಕುಗ್ಗಿದ ಕೂಡಲೇ ಆ ಮಾತು ಸುಳ್ಳಾಗುತ್ತದೆ. ಪಕ್ಕದಲ್ಲಿ 1 ಸೆಂ.ಮೀ. ಉದ್ದದ ಗೆರೆ ಎಳೆದಿಟ್ಟರೆ ಚಿತ್ರದ ಜೊತೆ ಅದೂ ಕುಗ್ಗುತ್ತದೆ, ಅಳತೆ ಉಳಿಯುತ್ತದೆ. ಹಿಗ್ಗಿಸಿದ ಭಾಗಗಳಿಗೆ ಬೇರೆ ಬೇರೆ ಗೆರೆ. ಹೆಸರು ಖಚಿತವಿಲ್ಲದಿದ್ದರೆ ಖಾಲಿ ಬಿಡಿ, ಚಿತ್ರ ಸರಿಯಿದ್ದರೆ ಹೆಸರು ಆಮೇಲೆ ಸಿಗುತ್ತದೆ.

ಮಕ್ಕಳಿಗೆ ದಾಸವಾಳದ ಹೂವಿನಿಂದ ಶುರು ಮಾಡಿಸಬೇಡಿ, 40 ನಿಮಿಷದ ಪೀರಿಯಡ್ಡಿಗೆ ಅದು ಹೆಚ್ಚು. ಒಂದೇ ಗಿಡದಿಂದ ಮಗುವಿಗೊಂದರಂತೆ ಎಲೆ ಕೀಳಿಸಿ, ಬೆನ್ನಿಗೆ ಸಣ್ಣ ಚೀಟಿಯಲ್ಲಿ ನಂಬರು ಅಂಟಿಸಿ. ಮೊದಲ ಹತ್ತು ನಿಮಿಷ ಬರೀ ಲೆಕ್ಕ: ಉದ್ದ, ಅಗಲ, ಎಡ ಅಂಚಿನಲ್ಲಿ ಹಲ್ಲೆಷ್ಟು, ಬಲ ಅಂಚಿನಲ್ಲೆಷ್ಟು, ಹುಳ ತಿಂದ ತೂತು ಎಲ್ಲಿ. ಆಮೇಲೆ 20 ನಿಮಿಷ ನಿಜಗಾತ್ರದ ಗೆರೆಚಿತ್ರ. ಎಲೆಯನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಯಲು ಬಿಡಬೇಡಿ, ಡಿವೈಡರ್ ಹಿಡಿಯಲಿ. ಕೊನೆಗೆ ಎಲೆಗಳನ್ನೆಲ್ಲ ಮೇಜಿನ ಮೇಲೆ ಕಲೆಸಿ, ಚಿತ್ರಗಳನ್ನು ಅದಲುಬದಲು ಮಾಡಿ. ತನ್ನ ಕೈಗೆ ಬಂದ ಚಿತ್ರದ ಎಲೆ ಯಾವುದೆಂದು ಪ್ರತಿ ಮಗುವೂ ಹುಡುಕಬೇಕು. ಸಿಕ್ಕರೆ ಚಿತ್ರ ಬರೆದವರಿಗೆ ಅಂಕ. ಚೆಂದ ಬರೆಯುವ ಮಗುವಿನ ಎಲೆ ಸಿಗದೆ, ಗೆರೆ ಒರಟಾಗಿದ್ದರೂ ಹಲ್ಲು ಎಣಿಸಿ ಹಾಕಿದ ಮಗುವಿನ ಎಲೆ ಕೂಡಲೇ ಸಿಗುವುದನ್ನು ಅವರೇ ನೋಡುತ್ತಾರೆ.

ದಾಸವಾಳ ಮುಗಿದ ಮೇಲೆ ತುಂಬೆಗೆ ಹೋಗಿ. ಚೌಕ ಕಾಂಡ, ಎದುರುಬದುರು ಎಲೆ, ಎರಡು ತುಟಿಯ ಬಿಳಿ ಹೂವು, ದಾಸವಾಳದಲ್ಲಿ ಕಲಿತದ್ದಕ್ಕೆಲ್ಲ ತಿರುಗುಮುರುಗು. ಬಿಳಿ ಹೂವಿಗೆ ಬಿಳಿ ಬಣ್ಣ ಹಚ್ಚುವುದಿಲ್ಲ, ಹಾಳೆಯನ್ನೇ ಬಿಟ್ಟು ತೆಳು ಬೂದುನೀಲಿಯಿಂದ ನೆರಳಷ್ಟೇ ಕೊಡುತ್ತಾರೆ. ಮೂರನೆಯದಾಗಿ ಮಳೆಗಾಲದ ಬೇಲಿಗಳಲ್ಲಿ ಅರಳುವ ಗೌರಿ ಹೂವು, ಅಗ್ನಿಶಿಖೆ ಎನ್ನುವುದೂ ಅದನ್ನೇ. ಹಿಮ್ಮುಖವಾಗಿ ಮಡಚಿದ ಆರು ಅಲೆಯಂಚಿನ ದಳಗಳು, ಹೂವಿನ ಬುಡದಲ್ಲೇ ಪಕ್ಕಕ್ಕೆ ತಿರುಗಿದ ಶಲಾಕಾ ನಳಿಕೆ, ತುದಿ ಬಳ್ಳಿಯಂತೆ ಸುರುಳಿಯಾದ ಎಲೆ. ಹೂವಿನ ಬಣ್ಣ ಹಸಿರುಹಳದಿಯಿಂದ ಹಳದಿ, ಕಿತ್ತಳೆ, ಕೆಂಪು ಎಂದು ದಿನದಿನಕ್ಕೆ ತಿರುಗುವುದರಿಂದ ಎಷ್ಟನೆಯ ದಿನದ ಹೂವೆಂದು ಪಕ್ಕದಲ್ಲಿ ಬರೆಯದ ಚಿತ್ರ ಅರ್ಧವಷ್ಟೇ. ಆ ಗಿಡದ ಎಲ್ಲ ಭಾಗಗಳಲ್ಲೂ, ಗೆಡ್ಡೆಯಲ್ಲಂತೂ ಹೆಚ್ಚಾಗಿ, ಕಾಲ್ಚಿಸಿನ್ ಎಂಬ ವಿಷವಿದೆ. ತರಗತಿಗೆ ತರಬೇಡಿ, ಬೇಲಿಯ ಬಳಿಯೇ ಕೂತು ಬರೆಯಿರಿ. ಮುಟ್ಟಿದರೆ ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಆ ದಿನವಾದರೂ ಬೇಡ, ಕೈ ತೊಳೆದು ಮನೆಯೊಳಗೆ ಹೋಗಿ.